ನಿವೃತ್ತಿಯ ದಶಾವಸ್ಥೆಗಳು: ಹೊಸೂರು ಸೀಮೆಯ ಒಂದು ಶಾಸ್ತ್ರೀಯ ವಿವೇಚನೆ

1. ಅನುಬಂಧ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ವಿಷಯ, ನಿವೃತ್ತಿ. ಪ್ರಯೋಜನ, ಮನೆಯ ನೆಮ್ಮದಿ. ಸಂಬಂಧ, ಗಂಡ ಹೆಂಡಿರದು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಸರ್ವಿಸ್ ಎರಡು ವರ್ಷಕ್ಕಿಂತ ಕಡಿಮೆ ಉಳಿದಿರುವವನು. ರಿಲೀವಾಗುವ ತಾರೀಖು ಬಾಯಿಪಾಠವಾಗಿದ್ದು, ಸ್ವಂತ ಮನೆಯ ಉಪ್ಪಿನ ಡಬ್ಬಿ ಯಾವ ಗೂಡಿನಲ್ಲಿದೆಯೆಂದು ಅರಿಯದವನು.

ಇಂಥ ಅಧಿಕಾರಿಗಳು ಹೊಸೂರಿನಲ್ಲಿ ಈಗ ಹೇರಳ. ರಾಗಿ, ಹುರುಳಿ ಬೆಳೆದುಕೊಂಡಿದ್ದ ಈ ಗಡಿಯೂರಿಗೆ 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಲಾರಿ, ಟಿವಿಎಸ್ ಮೊಪೆಡ್. ಆ ದಶಕ ಮುಗಿಯುವುದರೊಳಗೆ ಟೈಟಾನ್ ಗಡಿಯಾರ. ಆಗ ಮೀಸೆ ಚಿಗುರುವ ಕಾಲಕ್ಕೆ ಕೆಲಸಕ್ಕೆ ಸೇರಿದವರು ಈಗ ತಂಡ ತಂಡವಾಗಿ ಗೇಟಿನಿಂದ ಹೊರಗೆ ಬರುತ್ತಿದ್ದಾರೆ. ಲಾರಿಗೆ ಕೈಪಿಡಿ ಇದೆ, ಮೊಪೆಡ್ಡಿಗೆ ಇದೆ, ಗಡಿಯಾರಕ್ಕೂ ಇದೆ. ಮಾಡಿದವನಿಗೆ ಮಾತ್ರ ಇಲ್ಲ. ಆ ಲೋಪವನ್ನು ತುಂಬಲು ಈ ಗ್ರಂಥ.

2. ವಯೋನಿರ್ಣಯ

ಮುಪ್ಪು ಎಂದು ಬರುತ್ತದೆ? ನರೆಗೂದಲೇ ಪ್ರಮಾಣವೆಂದರು ಹಿಂದಿನವರು. ಅವರ ಕಾಲದಲ್ಲಿ ಗೋದ್ರೆಜ್ ಡೈ ಇರಲಿಲ್ಲ. ಅತ್ತಿಬೆಲೆ ಗಡಿಯೂ ಇರಲಿಲ್ಲ. ಕರ್ನಾಟಕ ಸರ್ಕಾರ 2008ರಲ್ಲಿ ತನ್ನ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು; ತಮಿಳುನಾಡು 58ರಲ್ಲೇ ನಿಂತಿತು. ಮುಂದೆ ಹನ್ನೆರಡು ವರ್ಷ, ಅತ್ತಿಬೆಲೆಯ ಸರ್ಕಾರಿ ಮೇಷ್ಟ್ರು 59ರಲ್ಲೂ ಬೆತ್ತ ಹಿಡಿದು ಓಡಾಡುತ್ತಿದ್ದರೆ, ಅವರ ಓರಗೆಯ ಹೊಸೂರಿನ ಮೇಷ್ಟ್ರು ವಯೋವೃದ್ಧರಾಗಿ ಜಗಲಿಯ ಮೇಲಿದ್ದರು. ಮುಪ್ಪು ದೇಹಧರ್ಮವಲ್ಲ, ಟೋಲ್‌ಗೇಟಿನ ಧರ್ಮ ಎಂದು ಇದರಿಂದ ಸಿದ್ಧವಾಯಿತು.

ಆಮೇಲೆ ತಮಿಳುನಾಡು 2020ರ ಮೇ ತಿಂಗಳಲ್ಲಿ 59 ಎಂದಿತು, 2021ರ ಫೆಬ್ರವರಿಯಲ್ಲಿ 60 ಎಂದಿತು. 2020ರ ಜೂನಿಗೆ ಬಿಡುಗಡೆ ಎಂದು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದವರಿಗೆ ಮುಪ್ಪು ಎರಡು ಸಲ ಮುಂದಕ್ಕೆ ಹೋಯಿತು. ಕಾರ್ಖಾನೆಯವರಿಗೆ ಈ ಭಾಗ್ಯವಿಲ್ಲ. ಪಿಎಫ್ ಪೆನ್ಷನ್ ಅವರನ್ನು ಗಡಿಯ ಎರಡೂ ಬದಿಯಲ್ಲಿ 58ಕ್ಕೇ ಮುದುಕರೆಂದು ಎಣಿಸುತ್ತದೆ.

3. ಪೂರ್ವಪಕ್ಷ ಖಂಡನೆ

ಇಲ್ಲಿ ಒಬ್ಬ ಆಕ್ಷೇಪಿಸುತ್ತಾನೆ: ಮೊಮ್ಮಗನನ್ನು ಕಂಡ ಮೇಲೆ ಕಾಡು ಸೇರಬೇಕೆಂದು ಮನುವೇ ಹೇಳಿಲ್ಲವೆ? ಹೇಳಿದ್ದಾನೆ. ಆದರೆ ಹೊಸೂರಿನವರು ಮೊಮ್ಮಗನನ್ನು ಕಾಣುವುದಕ್ಕೇ ಎಲೆಕ್ಟ್ರಾನಿಕ್ ಸಿಟಿಯ ಹನ್ನೊಂದನೇ ಮಹಡಿಗೆ ಹೋಗಬೇಕು. ಹೋದವರನ್ನು ಮಗು ಶಾಲೆಗೆ ಸೇರುವ ತನಕ ಕಳಿಸಿಕೊಡುವುದಿಲ್ಲ. ಇನ್ನು ಕಾಡು. ದೇಂಕಣಿಕೋಟೆ, ಅಂಚೆಟ್ಟಿ ಕಡೆ ಅದೂ ಇದೆ. ಆದರೆ ರಾಗಿ ಕೊಯ್ಲಿನ ಕಾಲಕ್ಕೆ ಆನೆಗಳು ಆ ಕಡೆಯಿಂದ ಹೊರಟು ಹೊಸೂರಿನ ಮಗ್ಗುಲಿನ ಸಾನಮಾವು ಕಾಡಿನವರೆಗೆ ಬರುತ್ತವೆ. ಕಾಡಿನ ಹಿರಿಯರು ಊರಿಗೆ ಬರುತ್ತಿರುವಾಗ ಊರಿನ ಹಿರಿಯರು ಕಾಡಿಗೆ ನುಗ್ಗುವುದು ಸಂಚಾರ ನಿಯಮಕ್ಕೆ ವಿರುದ್ಧ.

ಎರಡನೆಯ ಆಕ್ಷೇಪ: ನಿವೃತ್ತಿಯೇ ಸುಳ್ಳು, ರಾಜಾಜಿಯವರನ್ನು ನೋಡಿ. ಇದು ಬಲವಾದ ವಾದ. ಏಕೆಂದರೆ 1878ರಲ್ಲಿ ಅವರು ಹುಟ್ಟಿದ ತೊರಪಳ್ಳಿ ಹೊಸೂರಿನ ಪಕ್ಕದಲ್ಲೇ ಇದೆ. 1950ರ ಜನವರಿಯಲ್ಲಿ ಅವರು ಗವರ್ನರ್ ಜನರಲ್ ಹುದ್ದೆಯಿಂದ ಇಳಿದಾಗ ಆ ಹುದ್ದೆಯೇ ಇಲ್ಲವಾಯಿತು. ಇದಕ್ಕಿಂತ ಗಟ್ಟಿಯಾದ ರಿಲೀವಿಂಗ್ ಆರ್ಡರ್ ಯಾರಿಗೂ ಸಿಕ್ಕಿಲ್ಲ. ಆದರೂ ಅದೇ ವರ್ಷ ಕೇಂದ್ರದಲ್ಲಿ ಮಂತ್ರಿ. 1952ರಲ್ಲಿ, 73ರ ಪ್ರಾಯದಲ್ಲಿ, ಮದರಾಸಿನ ಮುಖ್ಯಮಂತ್ರಿ. 1959ರಲ್ಲಿ, 80 ತುಂಬಿದ ಮೇಲೆ, ಸ್ವತಂತ್ರ ಪಕ್ಷದ ಸ್ಥಾಪಕ. ಈ ದೃಷ್ಟಾಂತವನ್ನು ಊಟದ ಹೊತ್ತಿನಲ್ಲಿ ಎತ್ತುವ ಗಂಡಂದಿರಿಗೆ ಗೃಹಿಣಿಯರ ಉತ್ತರ ಚಿಕ್ಕದು: "ಅವರನ್ನ ಕರೀತಿದ್ರು, ಹೋಗ್ತಿದ್ರು. ನಿಮ್ಮನ್ನ ಯಾರು ಕರೆದ್ರು?"

4. ದಶಾವಸ್ಥಾ ನಿರೂಪಣೆ

ಅಲಂಕಾರ ಶಾಸ್ತ್ರದಲ್ಲಿ ವಿರಹಿಗೆ ಹತ್ತು ಅವಸ್ಥೆಗಳು. ಅವೇ ಹತ್ತು ನಿವೃತ್ತನಿಗೂ ಒಪ್ಪುತ್ತವೆ ಎಂಬುದು ಈ ಗ್ರಂಥದ ಮುಖ್ಯ ಶೋಧನೆ.

ಅಭಿಲಾಷೆ: ಸೆಟಲ್‌ಮೆಂಟ್ ದುಡ್ಡಿನಲ್ಲಿ ಕೃಷ್ಣಗಿರಿ ಕಡೆ ಎಕರೆ ಮಾವಿನ ತೋಪು ಕೊಂಡು, ಹಗ್ಗದ ಮಂಚದ ಮೇಲೆ ಮಲಗುವ ಕನಸು. ತೋತಾಪುರಿಯ ಬೆಲೆಯನ್ನು ಕಟ್ಟುವುದು ತೋಪಿನವನಲ್ಲ, ರಸ ತೆಗೆಯುವ ಕಾರ್ಖಾನೆ ಎಂಬುದು ಕನಸಿನಲ್ಲಿ ಬರುವುದಿಲ್ಲ.

ಚಿಂತೆ: ಕನಸು ಮುಗಿದ ಮೇಲೆ ಲೆಕ್ಕ. ಗ್ರಾಚ್ಯುಟಿ ನಿಯಮದಂತೆ ಕೊನೆಯ ಸಂಬಳವನ್ನು 15ರಿಂದಲೂ ಸರ್ವಿಸಿನ ವರ್ಷಗಳಿಂದಲೂ ಗುಣಿಸಿ 26ರಿಂದ ಭಾಗಿಸಬೇಕು. 26 ಏಕೆ? ತಿಂಗಳಿಂದ ಭಾನುವಾರಗಳನ್ನು ಕಳೆದದ್ದರಿಂದ. ಇದರಿಂದ ಕೈಗೆ ತುಸು ಹೆಚ್ಚೇ ಬರುತ್ತದೆ. ಭಾನುವಾರಗಳು ಕಾರ್ಮಿಕನಿಗೆ ಮಾಡುವ ಕೊನೆಯ ಉಪಕಾರ ಇದು. ಪೆನ್ಷನ್ನಿಗಾದರೆ ಸಂಬಳವನ್ನು ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 35 ವರ್ಷ ದುಡಿದವನಿಗೆ ಅರ್ಧ ಸಂಬಳ ಎಂದು ಕುಣಿಯಬಾರದು. ಸಂಬಳ ಎಷ್ಟೇ ಇದ್ದರೂ ಬಹುಮಂದಿಗೆ ಲೆಕ್ಕ 15,000ದ ಮೇಲೆ ಏರುವುದಿಲ್ಲ. ಅರ್ಧವೆಂದರೆ ಅದರರ್ಧ.

ಸ್ಮೃತಿ ಮತ್ತು ಗುಣಕಥನ: ಇವು ಜೋಡಿ. ಯಾವ ಕ್ಯಾಂಟೀನಿನ ಉಪ್ಪಿಟ್ಟಿನ ವಿರುದ್ಧ ಯೂನಿಯನ್ನಿನಲ್ಲಿ ಭಾಷಣ ಮಾಡಿದ್ದನೋ ಅದೇ ಉಪ್ಪಿಟ್ಟನ್ನು ಮನೆಯ ಉಪ್ಪಿಟ್ಟು ತಿನ್ನುತ್ತಾ ಹೊಗಳುವುದು. ಅಪಾಯಕರ.

ಉದ್ವೇಗ: ಬೆಳಗಿನ ಜಾವ ಫಸ್ಟ್ ಶಿಫ್ಟಿನ ಕಂಪನಿ ಬಸ್ಸು ಬೀದಿ ಕೊನೆಯಲ್ಲಿ ಹಾರ್ನ್ ಹೊಡೆದೊಡನೆ ಎದ್ದು ಕೂರುವುದು, ಕೂತ ಮೇಲೆ ಯಾಕೆ ಎದ್ದೆನೆಂದು ಯೋಚಿಸುವುದು.

ಪ್ರಲಾಪ: ಚಂದ್ರಚೂಡೇಶ್ವರ ಬೆಟ್ಟ ಹತ್ತಿ ಇಳಿದು ಟೀ ಅಂಗಡಿಯಲ್ಲಿ ನೆರೆದವರು, ತಮ್ಮ ನಂತರ ಪ್ಲಾಂಟು ಹೇಗೆ ಹಾಳಾಯಿತೆಂದು ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಬೆಳೆಸಿ, ತಮಿಳಿನಲ್ಲಿ ತೀರ್ಪು ಕೊಡುವುದು. ಪ್ಲಾಂಟು ನಡೆಯುತ್ತಲೇ ಇರುತ್ತದೆ.

ಉನ್ಮಾದ: ಇದು ಹೊಸೂರಿನ ವಿಶೇಷ, ಆದ್ದರಿಂದ ವಿಸ್ತರಿಸಬೇಕು. ಟಿವಿಎಸ್ ಮೋಟಾರ್‌ಗೆ 2002ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂದ ಊರಿದು; ಇಲ್ಲಿನ ಕೆಲಸಗಾರನಿಗೆ ಕೈಜೆನ್, ಫೈವ್ ಎಸ್ ಎಂಬ ಅಚ್ಚುಕಟ್ಟಿನ ಪಾಠಗಳೆಲ್ಲ ಮಗ್ಗಿಯಷ್ಟು ಸಲೀಸು. ಆ ವಿದ್ಯೆ ಗೇಟಿನಲ್ಲಿ ಒಪ್ಪಿಸಿ ಬರುವಂಥದಲ್ಲ. ಅದು ಅಡುಗೆಮನೆಗೆ ಬರುತ್ತದೆ. ಸಾಸಿವೆ, ಮೆಂತ್ಯ, ಜೀರಿಗೆಗೆ ಲೇಬಲ್ ಬೀಳುತ್ತದೆ. ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ ದಂಡವೆಂದು ಅಳತೆಯಾಗುತ್ತದೆ. ಒಂದು ವರ್ಷದಿಂದ ಉಪಯೋಗಕ್ಕೆ ಬಾರದ ಸಾಮಾನಿಗೆ ಕೆಂಪು ಚೀಟಿ: ಒರಳುಕಲ್ಲಿಗೊಂದು, ಶಾವಿಗೆ ಒರಳಿಗೊಂದು, ತವರಿನಿಂದ ಬಂದ ಹಿತ್ತಾಳೆ ಕೊಳಗಕ್ಕೊಂದು. ಗೃಹಿಣಿ ಎಲ್ಲವನ್ನೂ ನೋಡಿ, "ರೀ, ಇನ್ನೊಂದು ಚೀಟಿ ಇದ್ರೆ ಕೊಡಿ" ಎಂದು ಇಸಿದುಕೊಂಡು, ಅದನ್ನು ಇನ್‌ಸ್ಪೆಕ್ಟರರ ಅಂಗಿಯ ಜೇಬಿಗೇ ಅಂಟಿಸುತ್ತಾಳೆ. ಉನ್ಮಾದ ಅಲ್ಲಿಗೆ ಇಳಿಯುತ್ತದೆ.

ವ್ಯಾಧಿ: ಪ್ರತಿ ಬೀದಿಯಲ್ಲೂ ಲ್ಯಾಬ್ ಇರುವುದರಿಂದ ವಿವರ ಬೇಡ.

ಜಡತೆ: ಮಧ್ಯಾಹ್ನದ ಮೂರು ಗಂಟೆ.

ಮರಣ: ಹತ್ತನೆಯ ಅವಸ್ಥೆಯನ್ನು ರಂಗದ ಮೇಲೆ ತೋರಿಸಬಾರದೆಂದು ಆಲಂಕಾರಿಕರು. ಪೆನ್ಷನ್ ಕಚೇರಿಯ ಮತ ಬೇರೆ: ಅದು ಆಗಿಲ್ಲವೆಂದು ವರ್ಷಕ್ಕೊಮ್ಮೆ ತೋರಿಸಬೇಕು. 2014ರಿಂದ ಇದಕ್ಕೆ ಬೆರಳೊತ್ತುವ ಯಂತ್ರವಿದೆ. ಮೂವತ್ತು ವರ್ಷ ಲೇತ್ ಮುಂದೆ ನಿಂತವನ ಬೆರಳಿನಲ್ಲಿ ಗೆರೆಗಳು ಸವೆದಿರುತ್ತವೆ. ಯಂತ್ರ ಅವನನ್ನು ಗುರುತಿಸದು. ಎದುರಿಗೆ ನಿಂತು ಕೆಮ್ಮಿದರೂ ಪ್ರತ್ಯಕ್ಷ ಇಲ್ಲಿ ಪ್ರಮಾಣವಲ್ಲ. 2021ರಿಂದ ಮೊಬೈಲಿಗೆ ಮುಖ ತೋರಿಸಿಯೂ ಬದುಕಿದ್ದೇನೆಂದು ಸಾಧಿಸಬಹುದು. ಆದರೆ ಕಣ್ಣು ಮಿಟುಕಿಸಬೇಕು.

5. ಸಿದ್ಧಾಂತ

ಹತ್ತು ಅವಸ್ಥೆಗಳಿಗೂ ಮೂಲ ಒಂದೇ ಭ್ರಮೆ: ಕೆಲಸ ಕಾರ್ಖಾನೆಯಲ್ಲಿದೆ, ಬಿಡುವು ಮನೆಯಲ್ಲಿದೆ ಎಂಬುದು. ಮನೆಯೂ ಶಿಫ್ಟಿನಲ್ಲೇ ನಡೆಯುವ ಸ್ಥಳ. ಅಲ್ಲಿಯ ಇನ್‌ಚಾರ್ಜ್ ಮದುವೆಯಾದಂದಿನಿಂದ ರಿಲೀವರ್ ಇಲ್ಲದೆ ನಿಂತಿದ್ದಾಳೆ. ಆಕೆಯ ನಿವೃತ್ತಿ ವಯಸ್ಸಿನ ಬಗ್ಗೆ ಎರಡು ರಾಜ್ಯಗಳೂ ಆದೇಶ ಹೊರಡಿಸಿಲ್ಲ. ಕಾರ್ಖಾನೆಯಿಂದಲೇ ನಿವೃತ್ತಳಾದ ಹೆಂಗಸು ಈ ಗ್ರಂಥಕ್ಕೆ ಅಧಿಕಾರಿಣಿಯಲ್ಲ. ಅವಳಿಗೆ ಎರಡು ಶಿಫ್ಟುಗಳಲ್ಲಿ ಒಂದು ತಪ್ಪಿದೆ, ಅಷ್ಟೇ.

ಆದ್ದರಿಂದ ನಿವೃತ್ತನಾದವನು ಮನೆಗೆ ಮೇಲ್ವಿಚಾರಕನಾಗಿ ಬರತಕ್ಕದ್ದಲ್ಲ, ಅಪ್ರೆಂಟಿಸ್ ಆಗಿ ಸೇರತಕ್ಕದ್ದು. ಸ್ಟೈಪೆಂಡ್ ಇಲ್ಲ; ಎರಡು ಹೊತ್ತು ಊಟ, ಒಂದು ಕಾಫಿ. ಮೊದಲ ಹಂತ, ಮೊಸರಿಗೆ ಹೆಪ್ಪು ಹಾಕಿ ಮರೆಯದಿರುವುದು. ಎರಡನೆಯದು, ಅವರೆಕಾಯಿ ಬಿಡಿಸುವಾಗ ಹುಳ ಕಂಡರೂ ವರದಿ ಬರೆಯದಿರುವುದು. ತರಬೇತಿಯ ಅವಧಿ ಎಷ್ಟು ಎಂಬ ಬಗ್ಗೆ ಗ್ರಂಥಗಳಲ್ಲಿ ಮತಭೇದವಿದೆ. ಇನ್‌ಚಾರ್ಜ್ ಆಡಿದ್ದೇ ಅಂತಿಮ. ಪಕ್ಕದ ಮನೆಯಾಕೆ ವಿಚಾರಿಸಿದಾಗ ಆಕೆ ಕೊಡುವ ಪ್ರಗತಿ ವರದಿ ಇದು: "ಅನ್ನಕ್ಕೆ ನೀರಿಡೋದು ಕಲ್ತಿದಾರೆ ಕಣಕ್ಕ. ಮುದ್ದೆಗೆ ಇನ್ನೂ ಬಿಟ್ಟಿಲ್ಲ."