ಲೆವಿಟ್‌ಟೌನಿನ ಹುಲ್ಲು

ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ 1947ರಿಂದ ಮನೆಗಳು ಬೆಳೆಯತೊಡಗಿದವು; ಅದೇ ಲೆವಿಟ್‌ಟೌನ್. ಭರಾಟೆಯ ಕಾಲದಲ್ಲಿ ಅದನ್ನು ಕಟ್ಟಿದ ಲೆವಿಟ್ ಕಂಪನಿ ದಿನಕ್ಕೆ 30 ಮನೆ ಎಬ್ಬಿಸುತ್ತಿತ್ತಂತೆ. ನಮ್ಮ ಮೇಸ್ತ್ರಿಗೆ ಅಷ್ಟು ಹೊತ್ತು ದಾರ ಹಿಡಿಯುವುದಕ್ಕೇ ಸಾಲದು. ಎಲ್ಲ ಮನೆಗಳೂ ಒಂದೇ ಅಚ್ಚಿನವು! ದುಡಿದು ದಣಿದ ಗಂಡ ಸಂಜೆ ಪಕ್ಕದ ಮನೆಯ ಸೋಫಾದಲ್ಲಿ ಕಾಲು ಚಾಚಿದರೆ ಯಾರನ್ನು ಬೈಯುವುದು?

ಮನೆ ಕೊಂಡವರದೇ, ಕಾಯಿದೆ ಮಾತ್ರ ಕಂಪನಿಯದಾಗಿತ್ತು. ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕಿತ್ತು. ಭಾನುವಾರ ಹೊರಗೆ ಬಟ್ಟೆ ಒಣಹಾಕುವಂತಿರಲಿಲ್ಲ. ಬೇಲಿಯನ್ನಂತೂ ಕಟ್ಟುವಂತೆಯೇ ಇರಲಿಲ್ಲ; ಬೇಲಿಯೇ ಇಲ್ಲದೆ ನೆರೆಯವರೊಡನೆ ಜಗಳ ಆಡುವುದಾದರೂ ಹೇಗೆ ಸ್ವಾಮಿ? ಕರಿಯರಿಗೆ ಮನೆ ಮಾರುತ್ತಲೇ ಇರಲಿಲ್ಲ. ಆ ನಿಯಮಕ್ಕೆ ಮಾತ್ರ ನಗು ಬರುವುದಿಲ್ಲ.

ಆಮೇಲೆ ಜನ ಸೇಡು ತೀರಿಸಿಕೊಂಡರು. ಮಹಡಿ ಏರಿಸಿದರು, ಗ್ಯಾರೇಜು ಸೇರಿಸಿದರು, ಕಿಟಕಿ ಒಡೆದು ಬಾಗಿಲು ಮಾಡಿದರು. ಮೊದಲಿನ ಅಚ್ಚಿನಲ್ಲೇ ಉಳಿದ ಮನೆಯನ್ನು ಈಗ ದುರ್ಬೀನು ಹಿಡಿದು ಹುಡುಕಬೇಕು.