ತುಂದಿಲತ್ವದ ಸಂಕಥನ: ಟಿಕೋಟಾ–ಬಬಲೇಶ್ವರದ ನೆಲೆಗಟ್ಟಿನಲ್ಲಿ ಒಂದು ಬಹುಶಿಸ್ತೀಯ ಅನುಸಂಧಾನ

ವಿಜಯಪುರ ನಗರ, ಅದರ ಪಡುವಣ ಟಿಕೋಟಾ ಹಾಗೂ ನೈಋತ್ಯದ ಬಬಲೇಶ್ವರ ಪರಿಸರದ ಉದರವಿಸ್ತರಣ ಪ್ರಕ್ರಿಯೆಯನ್ನು ದೇಹರಾಜಕಾರಣದ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗಿಸಿ, ಅದರ ಒಳಸುಳಿಗಳನ್ನು ನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. 'ಹೊಟ್ಟಿ ಬಂದೈತಿ' ಎಂಬುದು ಜನಸಾಮಾನ್ಯರ ಮಾತು. ವಿಚಾರಗೋಷ್ಠಿಯಲ್ಲಿ ಅದಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ. ದಾರಿಯುದ್ದದ ಭಜಿ ಅಂಗಡಿಗಳನ್ನು ಪ್ರಾಥಮಿಕ ಆಕರಗಳೆಂದು ಭಾವಿಸಿ ಖುದ್ದಾಗಿ ಪರಾಮರ್ಶಿಸಲಾಗಿದೆ.

ಮೊದಲು ಪೂರ್ವಸೂರಿಗಳಿಗೆ ನಮನ. ಬೆಲ್ಜಿಯಂನ ಕೆತ್ಲೆ 1832ರ ಸುಮಾರಿಗೆ ಮನುಷ್ಯನ ತೂಕವನ್ನು ಎತ್ತರದ ವರ್ಗದೊಂದಿಗೆ ತಾಳೆ ಹಾಕಿದ. ಆತ ಖಗೋಳ ಮತ್ತು ಸಂಖ್ಯಾಶಾಸ್ತ್ರದ ಪಂಡಿತ, ವೈದ್ಯನಲ್ಲ. ಅವನಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಈ ಭಾಗಾಕಾರಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟ. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಕಲ್ಯಾಣಮಂಟಪದ ತೂಕ ಇಳಿಸುವ ಶಿಬಿರಗಳಲ್ಲಿ ಈಗ ಇದೇ ಭಾಗಾಕಾರಕ್ಕೆ ರಸೀದಿ ಹರಿಯಲಾಗುತ್ತಿದೆ.

ಬೊಜ್ಜು ಪಂಚವಿಧ. ಮೊದಲನೆಯದು ಆಸನಸ್ಥ ಬೊಜ್ಜು: ಕುರ್ಚಿ, ಫೈಲು ಮತ್ತು ಎರಡು ಚಮಚ ಸಕ್ಕರೆಯ ಚಹಾಗಳ ತ್ರಿವೇಣಿ ಸಂಗಮ. ಎರಡನೆಯದು ಔತ್ಸವಿಕ: ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಿಂದ ಮೊದಲ್ಗೊಂಡು, ಶೇಂಗಾ ಹೋಳಿಗೆ, ಮಾದಲಿ, ತುಪ್ಪಗಳ ಮೂಲಕ ಮುಂದಿನ ಸಂಕ್ರಾಂತಿಯವರೆಗೆ ಅವಿಚ್ಛಿನ್ನವಾಗಿ ಪ್ರವಹಿಸುವಂಥದು. ಮೂರನೆಯದು ದ್ರಾಕ್ಷಾಜನ್ಯ: ಟಿಕೋಟಾದ ಒಣದ್ರಾಕ್ಷಿಯನ್ನು ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಂಡು 'ಹಣ್ಣ ಅಲ್ಲೇನ್ರೀ' ಎನ್ನುವವರದು. ನೂರು ಗ್ರಾಮಿಗೆ ಮುನ್ನೂರರ ಆಸುಪಾಸು ಕ್ಯಾಲೊರಿ, ಹಣ್ಣೇ ಹೌದು. ನಾಲ್ಕು ಮತ್ತು ಐದನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ಸ್ಥಳವಿತ್ತು, ಬೇಸರ ಬಂತು.

ಇನ್ನು ವ್ಯಾಯಾಮ ಮೀಮಾಂಸೆ. ಗೋಳಗುಮ್ಮಟದ ನಾಲ್ಕು ಮೂಲೆಗೆ ಏಳಂತಸ್ತಿನ ಮಿನಾರುಗಳನ್ನು ನಿಲ್ಲಿಸಿ ಒಳಗೆ ಮೆಟ್ಟಿಲಿಟ್ಟ ಆದಿಲಶಾಹಿ ವಾಸ್ತುಶಿಲ್ಪ, ಟ್ರೆಡ್‌ಮಿಲ್ಲಿನ ಪೂರ್ವರೂಪವೆಂದು ಈ ಪ್ರಬಂಧ ಪ್ರತಿಪಾದಿಸುತ್ತದೆ. ಮೇಲೆ ಹತ್ತಿ 'ನಾಳಿಂದ ವಾಕಿಂಗ್' ಎಂದು ಒದರಿದರೆ ಗುಮ್ಮಟ ಅದನ್ನು ಮತ್ತೆ ಮತ್ತೆ ಅನುಮೋದಿಸುತ್ತದೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ, ಒಂದೇ ಸಲ.

ಉಪಶಮನ ಸಿದ್ಧಾಂತಕ್ಕೆ ಶಿಬಿರದ ಈ ಸಂವಾದವೇ ಆಧಾರ.

'ಅಕ್ಕಾರ, ರೊಟ್ಟಿ ಬಿಡ್ರಿ. ಹತ್ತು ದಿನದಾಗ ಏಳು ಕಿಲೊ ಇಳೀತೀರಿ.'

'ರೊಟ್ಟಿ ಬಿಟ್ಟು ಏನ್ ತಿನ್ನೂಣೋ ತಮ್ಮಾ?'

'ಈ ಡಬ್ಬಿ ಪುಡಿ.'

ಒಂದು ಕಿಲೊ ಕೊಬ್ಬೆಂದರೆ ಸುಮಾರು 7700 ಕ್ಯಾಲೊರಿ. ಹತ್ತು ದಿನದಲ್ಲಿ ಏಳು ಕಿಲೊ ಕರಗಬೇಕಾದರೆ ದಿನಕ್ಕೆ ಐದು ಸಾವಿರಕ್ಕೂ ಮಿಕ್ಕಿ ಕಡಿಮೆ ಬೀಳಬೇಕು. ಆ ಅಕ್ಕ ಇಡೀ ದಿನ ಉಣ್ಣುವುದೇ ಎರಡು ಸಾವಿರದ ಸುಮಾರು. ಉಪವಾಸ ಬಿದ್ದರೂ ಲೆಕ್ಕ ಕೂಡುವುದಿಲ್ಲ. ಮೊದಲ ವಾರ ಇಳಿಯುವುದು ಬಹುಪಾಲು ನೀರು. ವಾರಕ್ಕೆ ಅರ್ಧ ಕಿಲೊ, ಹೆಚ್ಚೆಂದರೆ ಒಂದು: ಅಪಾಯವಿಲ್ಲದ ದಾರಿ ಇಷ್ಟೇ. ಇದನ್ನು ಹೇಳಿದರೆ ಡಬ್ಬಿ ಮಾರಾಟವಾಗುವುದಿಲ್ಲ.

ಅದೂ ಹೋಗಲಿ. ಸಕ್ಕರೆ ಕಾಯಿಲೆಯವರಿಗೆ 'ಗುಳಿಗಿ ನಿಲ್ಲಸ್ರಿ' ಎನ್ನುವ ಧೈರ್ಯ ಈ ಡಬ್ಬಿ ಮಾರುವವರಿಗೆ ಎಲ್ಲಿಂದ ಬರುತ್ತದೆ? ಇನ್ಸುಲಿನ್ ಚುಚ್ಚಿಕೊಂಡವರನ್ನು ಉಪವಾಸ ಕೂಡಿಸಿದರೆ ಸಕ್ಕರೆ ಕುಸಿದು ಎಚ್ಚರ ತಪ್ಪೀತು, ಜೀವವೂ ಹೋದೀತು. ಅಂಗಿಗೆ ಬಿಲ್ಲೆ ಸಿಕ್ಕಿಸಿಕೊಂಡವನು ಆಗ ಫೋನು ಎತ್ತುತ್ತಾನೆಯೇ? ಪ್ರಬಂಧದ ಗಾಂಭೀರ್ಯ ಇಲ್ಲಿ ಕೆಟ್ಟರೆ ಕೆಡಲಿ.

ಡಬ್ಬಿಯ ಬದಲು ಡೋಣಿ ನದಿ ಬಯಲಿನ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಹಸಿ ಮೆಂತ್ಯೆ, ಮೊಸರು. ಒಂದು ರೊಟ್ಟಿ ಕಡಿಮೆ, ಪಲ್ಯ ಜಾಸ್ತಿ, ಎಣ್ಣೆಯ ಮೇಲೆ ಕೈಹಿಡಿತ. ಯಾವ ತಜ್ಞರ ಚಾರ್ಟೂ ಇದಕ್ಕಿಂತ ಬಹಳ ಮುಂದೆ ಹೋಗುವುದಿಲ್ಲ. ಇದೇ ಜೋಳ 'ಮಿಲೆಟ್ ಕುಕೀಸ್' ಆಗಿ ಬಂದರೆ ಮಾತ್ರ ನಮಗೆ ಆರೋಗ್ಯ.

ಆದರೆ ಆ ಜೋಳ ಕೊಯ್ದವಳು ಯಾವ ಶಿಬಿರಕ್ಕೂ ಬಂದಿಲ್ಲ. ಟಿಕೋಟಾದ ದ್ರಾಕ್ಷಿ ಚಪ್ಪರದ ಕೆಳಗೆ ದಿನವಿಡೀ ಕೈ ಮೇಲೆತ್ತಿ ಕುಡಿ ಸವರುವ ಚಾಟನಿ ಮಾಡುವವಳ ಬುತ್ತಿಯಲ್ಲಿ ಎರಡು ರೊಟ್ಟಿ, ಕೆಂಪು ಖಾರ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವವಳೂ ಅವಳೇ. ಅವಳಿಗೆ ಬೇಕಾದದ್ದು ಇನ್ನಷ್ಟು ಬೇಳೆ, ಹಾಲು, ಸೊಪ್ಪು, ರಕ್ತ ಹೆಚ್ಚಿಸುವ ಗುಳಿಗೆ. ಅವಳ ತೂಕ ಏರಬೇಕು. ಅವಳ ಕುರಿತು ಪ್ರಬಂಧ ಮಂಡಿಸುತ್ತೇನೆಂದಾಗ ಗೋಷ್ಠಿಯ ಆಯೋಜಕರು, 'ವಿಷಯಾಂತರ ಆಗ್ತದರೀ ಸರ' ಎಂದರು.