ಜುಟ್ಟಿಗೆ ಮಲ್ಲಿಗೆ

ನರ್ಸ್‌ಗಳು ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಎಂಬುದು ಈಗ ಲೋಕದ ಗೋಳು. ಜರ್ಮನಿಯವರು ಹುಡುಕುತ್ತಿದ್ದಾರೆ, ಬ್ರಿಟನ್ನಿನವರು ಹುಡುಕುತ್ತಿದ್ದಾರೆ, ಜಪಾನಿನಲ್ಲಿ ಮುದುಕರನ್ನು ಎತ್ತಿ ಕೂರಿಸಲು ಕೈಗಳಿಲ್ಲ. ಪಾಪ, ಅವರಿಗೆ ಗೊತ್ತಿರುವುದು ಒಂದೇ ಉಪಾಯ. ಹೆಚ್ಚು ಸಂಬಳ ಕೊಡುವುದು, ರಜೆ ಕೊಡುವುದು, ತಮ್ಮ ಭಾಷೆ ಕಲಿಸಿ ಕರೆಸಿಕೊಳ್ಳುವುದು. ಇಂಥ ದುಂದುವೆಚ್ಚವಿಲ್ಲದೆ ಸುಮಾರು 42,000 ಹೆಂಗಸರನ್ನು ವರ್ಷಗಟ್ಟಲೆ ಆರೋಗ್ಯ ಇಲಾಖೆಯ ಕೆಲಸದಲ್ಲಿ ಉಳಿಸಿಕೊಂಡಿರುವ ಕರ್ನಾಟಕವನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳದಿದ್ದರೂ ಸಲಹೆ ಕೊಡುವುದು ನಮ್ಮ ರೂಢಿ. ತಗೊಳ್ಳಿ.

ಗುಟ್ಟು ಇರುವುದು ಆಯ್ಕೆಯಲ್ಲಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಎಂದು ಲೆಕ್ಕ ಹಾಕಿದರು. ಆಕೆ ಅದೇ ಊರಿನಲ್ಲಿ ವಾಸವಿರಬೇಕು. ಮದುವೆಯಾದವಳಾಗಿರಬೇಕು, ಇಲ್ಲವೇ ವಿಧವೆ, ಇಲ್ಲವೇ ವಿಚ್ಛೇದನವಾದವಳು. ವಯಸ್ಸು 25ರಿಂದ 45. ಊರ ಮಗಳಿಗಿಂತ ಊರ ಸೊಸೆ ವಾಸಿ. ಮಗಳು ಇವತ್ತಲ್ಲ ನಾಳೆ ಮದುವೆಯಾಗಿ ಹೊರಟುಹೋಗುತ್ತಾಳೆ, ಸೊಸೆ ಎಲ್ಲಿಗೆ ಹೋಗುತ್ತಾಳೆ? ಈ ಒಂದು ಪ್ರಶ್ನೆಯ ಮುಂದೆ ಎಚ್‌ಆರ್ ಮ್ಯಾನೇಜರುಗಳು ಓದಿದ ಪುಸ್ತಕಗಳೆಲ್ಲ ದಂಡ. ಕೆಲಸದವರು ಬಿಟ್ಟುಹೋಗಬಾರದೆಂದರೆ, ಹೋಗಲು ಬೇರೆ ಜಾಗವಿಲ್ಲದವರನ್ನೇ ಆರಿಸಬೇಕು.

ಆಮೇಲೆ ಆಕೆಯನ್ನು ಸ್ವಯಂಸೇವಕಿ ಎಂದು ಕರೆಯಬೇಕು. ಕರೆದದ್ದೂ ಹಾಗೆಯೇ. ಸಂಬಳವಿಲ್ಲ, ಆದರೆ ಆಕೆಯ ದಿನನಿತ್ಯದ ಜೀವನೋಪಾಯಕ್ಕೆ ತೊಂದರೆಯಾಗದಂತೆ ಕೆಲಸ ಹೊಂದಿಸಬೇಕು ಎಂದು ಮೊದಲ ಮಾರ್ಗಸೂಚಿಯಲ್ಲೇ ಬರೆದರು. ಎಂಥ ಕಾಳಜಿ! ನಡುರಾತ್ರಿ ಯಾರದೋ ಮನೆಯಲ್ಲಿ ಹೆರಿಗೆ ನೋವು ಶುರುವಾಗಿ, 108ಕ್ಕೆ ಫೋನು ಹಚ್ಚಿ, ಬಸುರಿಯ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋದರೆ ಆಕೆಯ ಜೀವನೋಪಾಯಕ್ಕೆ ಏನೂ ತೊಂದರೆಯಿಲ್ಲ. ತೊಂದರೆಯಾಗುವುದು ನಿದ್ದೆಗೆ. ಇನ್ನು ಸ್ವಯಂಸೇವಕಿಗೆ ಕನಿಷ್ಠ ವೇತನ ಕೇಳುವ ಹಕ್ಕೂ ಇಲ್ಲ, ಪಿಎಫ್ ಗೊಡವೆಯೂ ಇಲ್ಲ.

ಹಾಗೆಂದು ಪುಕ್ಕಟೆ ದುಡಿಸುತ್ತೇವೆ ಎಂದುಕೊಳ್ಳಬೇಡಿ. ರಾಜ್ಯ ಸರ್ಕಾರ ಒಂದಿಷ್ಟು ಗೌರವಧನ ಕೊಡುತ್ತದೆ, ಅದರ ಮೇಲೆ ಒಂದೊಂದು ಕೆಲಸಕ್ಕೂ ಇಷ್ಟಿಷ್ಟೆಂದು ಪ್ರೋತ್ಸಾಹಧನವಿದೆ. ಒಂದನ್ನು ನೋಡೋಣ. ಮಗು ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಬಂದ ಮೇಲೆ ಆಶಾ ಆರು ಸಲ ಹೋಗಬೇಕು: 3, 7, 14, 21, 28 ಮತ್ತು 42ನೇ ದಿನ. ಜೋಳಿಗೆ ತಕ್ಕಡಿಯಲ್ಲಿ ಕೂಸನ್ನು ತೂಗಬೇಕು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಮೈ ಬಿಸಿ ನೋಡಬೇಕು. ಹೊಕ್ಕುಳಲ್ಲಿ ಕೀವು ಬಂದಿದೆಯೇ, ಕಣ್ಣು ಕೆಂಪಾಗಿದೆಯೇ, ಹಾಲು ಸರಿಯಾಗಿ ಎಳೆಯುತ್ತಿದೆಯೇ ಎಂದು ವಿಚಾರಿಸಬೇಕು. ಅಷ್ಟರಲ್ಲಿ ಜೇನುತುಪ್ಪದ ಬಟ್ಟಲು ಹಿಡಿದು ಬಂದ ಅಜ್ಜಿಗೆ, ‘ನೆಕ್ಕಿಸಬೇಡಿ ಅಜ್ಜಿ, ಆರು ತಿಂಗಳು ತಾಯಿ ಹಾಲೊಂದೇ ಸಾಕು’ ಎಂದು ಜಗಳವಾಗದ ಹಾಗೆ ಜಗಳವಾಡಬೇಕು. ಆರು ಭೇಟಿಗೂ ಸೇರಿ 250 ರೂಪಾಯಿ. ಭಾಗಿಸಿದರೆ ಭೇಟಿಗೆ 41 ರೂಪಾಯಿ 66 ಪೈಸೆ. ಬೆಂಗಳೂರಿನಲ್ಲಿ ಆಟೋದ ಮೊದಲ ಎರಡು ಕಿಲೋಮೀಟರಿಗೆ ಸರ್ಕಾರವೇ ಗೊತ್ತು ಮಾಡಿದ ದರ 36 ರೂಪಾಯಿ. ಅಷ್ಟಕ್ಕೆ ಆಟೋದವರು ಬರುತ್ತಾರೆಯೇ ಎಂಬುದು ಬೇರೆ ಮಾತು. ಆಟೋದವರು ಒಲ್ಲೆ ಎನ್ನಬಹುದು, ಆಶಾ ಎನ್ನುವಂತಿಲ್ಲ.

ಆ 250 ಕೂಡ ಸುಮ್ಮನೆ ಕೈಗೆ ಬರುವುದಿಲ್ಲ. ತಾಯಿ ಕಾರ್ಡಿನಲ್ಲಿ ಹುಟ್ಟಿದಾಗಿನ ತೂಕ ಬರೆದಿರಬೇಕು, ಜನನ ನೋಂದಣಿಯಾಗಿರಬೇಕು, ಮೊದಲ ಲಸಿಕೆಗಳು ಆಗಿರಬೇಕು. ಮಾರ್ಗಸೂಚಿಯಲ್ಲಿ ಇನ್ನೊಂದು ಷರತ್ತಿದೆ: 42ನೇ ದಿನದವರೆಗೆ ತಾಯಿ ಮಗು ಇಬ್ಬರೂ ಕ್ಷೇಮವಾಗಿರಬೇಕು. ಅಂದರೆ ಐದು ಸಲ ಹೋಗಿಬಂದು, ಆರನೆಯದಕ್ಕೆ ಮುಂಚೆ ಕೂಸು ತೀರಿಕೊಂಡರೆ, ಆಕೆಯ ಲೆಕ್ಕವೂ ಅದರ ಜೊತೆಗೇ ಮಣ್ಣಾಯಿತು. ಕಾರ್ಪೊರೇಟ್ ಆಸ್ಪತ್ರೆಗಳ ಐಸಿಯುನಲ್ಲಿ ರೋಗಿ ಉಳಿಯದಿದ್ದರೆ ಬಿಲ್ಲಿನಲ್ಲಿ ಎಷ್ಟು ಕಡಿತ ಮಾಡುತ್ತಾರೆ, ಅನುಭವಸ್ಥರು ಹೇಳಿಯಾರು. ಗುಣವಾದರೆ ಮಾತ್ರ ದುಡ್ಡು ಎಂಬ ಕ್ರಾಂತಿಯನ್ನು ನಾವು ತಂದೇ ತಂದಿದ್ದೇವೆ. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿದ್ದೇವೆ, ಅಷ್ಟೆ.

ಹೆರಿಗೆಯದು ಇನ್ನೂ ಸೊಗಸು. ಬಡ ಕುಟುಂಬದ ಬಸುರಿಯನ್ನು ತಿಂಗಳುಗಟ್ಟಲೆ ತಪಾಸಣೆಗೆ ಕರೆದೊಯ್ದದ್ದಕ್ಕೆ 300, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದಕ್ಕೆ ಇನ್ನೊಂದು 300. ಆದರೆ ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹುಡುಗಿ ತವರಿಗೆ ಹೊರಟರೆ, ಎರಡನೆಯ 300 ಆ ಊರಿನ ಆಶಾಳದು. ಅತ್ತೆಮನೆಯ ಆಶಾ ಆರತಿ ಎತ್ತಿ ಕಳಿಸಿಕೊಟ್ಟು, ಉಂಡು ಬರಬೇಕು.

ಇಷ್ಟನ್ನೂ ಡೈರಿಯಲ್ಲಿ ಬರೆದರೆ ಆಗಲಿಲ್ಲ, ಪೋರ್ಟಲ್‌ಗೆ ಏರಬೇಕು. ಮಗು ಹುಟ್ಟಿದ್ದು ಊರಿಗೆಲ್ಲ ಗೊತ್ತು, ಸರ್ವರ್‌ಗೆ ಗೊತ್ತಾಗಿಲ್ಲ ಎಂದರೆ ಹುಟ್ಟಿಲ್ಲವೆಂದೇ ಲೆಕ್ಕ.

ದುಡ್ಡಿನಲ್ಲಿ ಸ್ವಲ್ಪ ಬಿಗಿ ಹಿಡಿದರೂ ಮರ್ಯಾದೆಯಲ್ಲಿ ನಾವು ಕೈ ಬಿಗಿ ಮಾಡಿದವರಲ್ಲ. ಕೋವಿಡ್ ಬಂದಾಗ, 2020ರ ಮಾರ್ಚ್ 22ರಂದು ತಟ್ಟೆ ಬಡಿದೆವು. ಮೇ 3ರಂದು ಹೆಲಿಕಾಪ್ಟರುಗಳಿಂದ ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದೆವು. ಮನೆಮನೆ ಸಮೀಕ್ಷೆಗೆ ಹೋದ ಆಶಾಗಳ ಮೇಲೆ ಬೆಂಗಳೂರಿನಲ್ಲೇ ಹಲ್ಲೆಯಾದಾಗ ಉಗ್ರವಾಗಿ ಖಂಡಿಸಿದೆವು. ಹೂವು ಬಾಡಿ ಎರಡು ತಿಂಗಳಾಗುವಷ್ಟರಲ್ಲಿ, ಜುಲೈನಲ್ಲಿ, ತಿಂಗಳಿಗೆ 12,000 ಕೊಡಿ, ಸುರಕ್ಷಾ ಸಾಮಗ್ರಿ ಕೊಡಿ ಎಂದು ಇವರು ಮುಷ್ಕರ ಹೂಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹಿಂದಿನವರು ಹಂಗಿಸುತ್ತಿದ್ದರು. ನಾವು ಅದನ್ನೇ ಆಡಳಿತ ನೀತಿ ಮಾಡಿಕೊಂಡೆವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ದೇಶದ ಹತ್ತು ಲಕ್ಷ ಆಶಾಗಳಿಗೆ ಸೇರಿಸಿ ಜಾಗತಿಕ ಆರೋಗ್ಯ ನಾಯಕರೆಂಬ ಪ್ರಶಸ್ತಿ ಕೊಟ್ಟಿತು. ನಾಯಕಿಯಾದವಳು 41 ರೂಪಾಯಿಗೆ ಅಂಗಲಾಚುವುದು ಇನ್ನು ಮುಂದೆ ಶೋಭಿಸುವುದಿಲ್ಲ.

ಈ ಸೂತ್ರ ಎಲ್ಲರ ಮೇಲೂ ನಡೆಯುವುದಿಲ್ಲ ಎಂಬುದನ್ನು ಮಾತ್ರ ಒಪ್ಪಬೇಕು. ನರ್ಸಿಂಗ್ ಓದಿದ ಹುಡುಗಿಗೆ ಬಾಗಿಲು ಕಾಣುತ್ತದೆ. ಆಸ್ಪತ್ರೆ ನಡೆಸುವವರನ್ನು ಯಾರನ್ನೇ ಕೇಳಿ, ‘ಕೆಲಸ ಕಲಿಸುವುದು ನಾವು, ಹಾರಿಹೋಗುವುದು ಅವರು’ ಎನ್ನುತ್ತಾರೆ. ಹಾರದಿರಲೆಂದು ಎಷ್ಟೋ ಕಡೆ ಬಾಂಡ್ ಬರೆಸಿಕೊಂಡು, ಒರಿಜಿನಲ್ ಸರ್ಟಿಫಿಕೇಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೂ ಆಯಿತು. ಸುಪ್ರೀಂ ಕೋರ್ಟಿನ ಮಾತಿನಂತೆ ನೇಮಕವಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000ಕ್ಕೆ ಕಡಿಮೆಯಿರಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸ್‌ಗೆ ಸಮನಾಗಿರಬೇಕು ಎಂದು 2016ರಲ್ಲೇ ಹೇಳಿತು. ಅದು ಶಿಫಾರಸು. ಶಿಫಾರಸುಗಳಿಗೆ ನಮ್ಮ ಕಡತಗಳಲ್ಲಿ ಒಳ್ಳೆಯ ಜಾಗವಿದೆ. ಅತ್ತ ನಮ್ಮದೇ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮ ನರ್ಸ್‌ಗಳನ್ನು ವಿದೇಶಕ್ಕೆ ಕಳಿಸಲು ಒಂದು ಕೇಂದ್ರ ನಡೆಸುತ್ತದೆ. ಇತ್ತ ನಮ್ಮದೇ ಸರ್ಕಾರಿ ಆಸ್ಪತ್ರೆಗಳಲ್ಲಿ ವರ್ಷವರ್ಷವೂ ನವೀಕರಣಕ್ಕೆ ಕಾಯುವ ಗುತ್ತಿಗೆ ನರ್ಸ್‌ಗಳು. ಒಂದು ಕೈ ಕಳಿಸುತ್ತದೆ, ಇನ್ನೊಂದು ಕೈ ಹಣೆ ಚಚ್ಚಿಕೊಳ್ಳುತ್ತದೆ.

ಸರ್ಕಾರವನ್ನಷ್ಟೇ ಬೈದು ನಾವು ನೀವು ಜಾರಿಕೊಳ್ಳುವ ಹಾಗಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ತೆರೆದು ನೋಡಿ. ಮಗ ಅಮೆರಿಕದಲ್ಲಿ, ಹಾಸಿಗೆ ಹಿಡಿದ ತಂದೆ ಜಯನಗರದಲ್ಲಿ. ‘ಹೋಂ ನರ್ಸ್ ಬೇಕು. ನಂಬಿಕಸ್ಥೆ, ಶುಚಿ, ಫೋನಿನಲ್ಲಿ ಮಾತಾಡದವಳು, ಊರಿಗೆ ಹೋಗುತ್ತೇನೆ ಅನ್ನದವಳು. ಜೊತೆಗೆ ಸ್ವಲ್ಪ ಅಡುಗೆ. ಮನೆಯವರ ಹಾಗೇ ನೋಡಿಕೊಳ್ಳುತ್ತೇವೆ.’ ಕೊನೆಯ ಮಾತನ್ನು ಪೂರ್ತಿ ನಂಬಬಹುದು. ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸಿ, ಡೈಪರ್ ತೆಗೆದು, ಬೆನ್ನಿಗೆ ಹುಣ್ಣಾಗದಂತೆ ಪೌಡರ್ ಹಾಕುವ ಕೆಲಸವನ್ನು ಇಷ್ಟು ದಿನ ಮಾಡಿದ್ದೂ ಮನೆಯ ಸೊಸೆಯೇ. ಅವಳಿಗೆ ಯಾರು ಸಂಬಳ ಕೊಟ್ಟಿದ್ದರು? ವಾರದ ರಜೆ ಯಾರು ಕೊಟ್ಟಿದ್ದರು? ಮನೆಯ ಈ ಲೆಕ್ಕವೇ ವಿಧಾನಸೌಧಕ್ಕೂ ಹೋಗಿ ಕೂತಿದೆ. ಏಜೆನ್ಸಿಯವರು ತಮ್ಮ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟ ಮೂರನೇ ತಿಂಗಳಿಗೆ ಆಕೆ ಹೇಳದೆ ಹೋದರೆ, ಗುಂಪಿನಲ್ಲಿ ಮತ್ತೆ ಸಂದೇಶ: ‘ಈಗಿನ ಕಾಲದಲ್ಲಿ ಯಾರಿಗೂ ಸೇವಾ ಮನೋಭಾವವೇ ಇಲ್ಲ.’

ಆಶಾಗಳಿಗೆ ಆ ಮನೋಭಾವ ಧಾರಾಳವಾಗಿದೆ ಎಂದು ಎಲ್ಲ ಪಕ್ಷದವರೂ ಭಾಷಣ ಮಾಡುತ್ತಾರೆ, ಪಕ್ಷಭೇದವಿಲ್ಲದೆ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಗುಲಾಬಿ ಸೀರೆಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಬಂದವು. ಹಿಂದೆ ಅದು ಸೆಂಟ್ರಲ್ ಜೈಲು. ಈಗ ಅಹವಾಲಿದ್ದವರು ಅಲ್ಲಿಗೇ ಹೋಗಬೇಕು. ನಾಲ್ಕು ದಿನ ಧರಣಿ ಕೂತು, ರಾತ್ರಿ ಅಲ್ಲೇ ಮಲಗಿದರು. ಕೇಳಿದ್ದು ತಿಂಗಳಿಗೆ 15,000. ಏಪ್ರಿಲ್‌ನಿಂದ ಕನಿಷ್ಠ 10,000 ಖಾತ್ರಿ ಎಂದು ಮುಖ್ಯಮಂತ್ರಿಗಳು ಮಾತು ಕೊಟ್ಟರು. ಅವರು ನಂಬಿ ಎದ್ದು, ರಾತ್ರಿ ಬಸ್ಸು ಹಿಡಿದು ಊರಿಗೆ ಹೋದರು. ಏಪ್ರಿಲ್ ಬಂತು, ಹೋಯಿತು. ಆಗಸ್ಟ್‌ನಲ್ಲಿ ಮತ್ತೆ ಅಹೋರಾತ್ರಿ ಧರಣಿ ಕೂತರು. ಈ ಸಲ ಕೇಳಿದ್ದರಲ್ಲಿ ಮುಖ್ಯವಾದದ್ದು ಹಳೆಯದೇ, ಜನವರಿಯಲ್ಲಿ ಕೊಟ್ಟ ಮಾತಿಗೆ ಒಂದು ಆದೇಶ ಕೊಡಿ ಎಂದರು.